ಉಳಿದ ಕಾಗದದ ಚೂರುಗಳಿಂದ 30 ಕ್ರಿಸ್‌ಮಸ್ ಕಾರ್ಡ್: ಮಡಿಕೆಯ ಬಿರುಕಿಗೆ, ಗಮ್ಮಿನ ಸುಕ್ಕಿಗೆ ಏನು ಮಾಡುವುದು?

ಚೂರುಪಾರು:
ಗಿಫ್ಟ್ ಪೇಪರ್, ಬಣ್ಣದ ಹಾಳೆ, ಹಳೆ ಕ್ಯಾಲೆಂಡರ್, ಟಿಶ್ಯೂ ಕಾಗದ, ಒಂದಿಷ್ಟು ಮಿರುಗುವ ಫಾಯಿಲ್ ಎಲ್ಲ ಸೇರಿ ಒಂದು ಚೀಲ ಚೂರು ಇದೆ. ಮುಕ್ಕಾಲು ಪಾಲು ಅಂಗೈಗಿಂತ ಚಿಕ್ಕವು. ಕಾರ್ಡಿಗೆಂದು 250 ಜಿಎಸ್‌ಎಂನ (ಚದರ ಮೀಟರಿಗೆ 250 ಗ್ರಾಂ ತೂಗುವ) ಎ4 ಹಾಳೆ ಇದೆ, ಒಂದು ಮೈಗೆ ಮಾತ್ರ ಹಸಿರು ಬಣ್ಣ. ಅದನ್ನು ನಡುವೆ ಮಡಚಿದರೆ ಮಡಿಕೆಯ ಉದ್ದಕ್ಕೂ ಬಿಳಿ ಬಿರುಕು ಕಾಣುತ್ತದೆ. ಬಿಳಿ ಗಮ್ ಹಚ್ಚಿದರೆ ತೆಳು ಕಾಗದ ಸುಕ್ಕಾಗುತ್ತದೆ, ಒಣಗಿದ ಮೇಲೆ ಕಾರ್ಡೇ ಬಾಗುತ್ತದೆ. ಇನ್ನು ಚೂರುಗಳನ್ನು ಒಂದೊಂದಾಗಿ ಕತ್ತರಿಸಿ ಮರದ ಆಕಾರಕ್ಕೆ ಜೋಡಿಸುತ್ತ ಕೂತರೆ 30 ಕಾರ್ಡ್ ಮುಗಿಯುವ ಮಾತಲ್ಲ. ಬೇಗ ಆಗುವ ದಾರಿ ಗೊತ್ತಿದ್ದವರು ಹೇಳಿ.

ಮಡಿಕೆಗೆರೆ:
ನಾರಿಗೆ ಅಡ್ಡವಾಗಿ ಮಡಚಿದ್ದರಿಂದ ಬಿರುಕು ಬಂದಿದೆ. ಕಾಗದ ಯಂತ್ರದಲ್ಲಿ ಓಡುವ ದಿಕ್ಕಿಗೇ ಅದರ ನಾರುಗಳು ಹೆಚ್ಚಾಗಿ ಮಲಗಿರುತ್ತವೆ. ಎ4 ಹಾಳೆಯಲ್ಲಿ ಸಾಮಾನ್ಯವಾಗಿ ಅದು 297 ಮಿ.ಮೀ. ಬದಿಯ ದಿಕ್ಕು. ನಡುವೆ ಮಡಚಿ ಎ5 ಮಾಡಿದರೆ ಅಷ್ಟೂ ನಾರು ಅಡ್ಡಕ್ಕೆ ಮುರಿಯುತ್ತದೆ.

ಮೊದಲು ಹಾಳೆಯನ್ನು 148 × 210ರ ಎರಡು ತುಂಡು ಮಾಡಿ, ಆಮೇಲೆ ಒಂದೊಂದನ್ನೂ 105ಕ್ಕೆ ಮಡಚಿ. ಆಗ ಮಡಿಕೆ ನಾರಿನ ಜೊತೆಗೇ ಸಾಗುತ್ತದೆ. 105 × 148ರ ಕಾರ್ಡ್ ಸಿ6 ಲಕೋಟೆಗೆ (114 × 162) ಚೆನ್ನಾಗಿ ಕೂರುತ್ತದೆ, 15 ಹಾಳೆಗೆ 30 ಕಾರ್ಡ್ ಲೆಕ್ಕವೂ ಸರಿಹೋಗುತ್ತದೆ. ದೊಡ್ಡ ಶೀಟಿನಿಂದ ಕತ್ತರಿಸಿದ ಎ4 ಆಗಿದ್ದರೆ ನಾರಿನ ದಿಕ್ಕು ಬೇರೆ ಇರಬಹುದು. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಾಗಿಸಿ ನೋಡಿ. ಎತ್ತ ಸುಲಭವಾಗಿ ಬಾಗುತ್ತದೋ ಅತ್ತಲೇ ಮಡಿಕೆ.

ಮಡಚುವ ಮೊದಲು ಗೆರೆ ಒತ್ತಲೇಬೇಕು. ಇಂಕು ಮುಗಿದ ಬಾಲ್‌ಪೆನ್, ಸ್ಟೀಲ್ ಸ್ಕೇಲ್, ಅಡಿಗೆ ಎರಡು ಪದರ ನ್ಯೂಸ್‌ಪೇಪರ್ ಇದ್ದರೆ ಸಾಕು. ಕಾರ್ಡಿನ ಹೊರಮೈಗೆ ಒತ್ತಿ, ಒಳಗಡೆ ಎದ್ದ ಉಬ್ಬು ಮಡಿಕೆಯ ಒಳಗೇ ಉಳಿಯುವಂತೆ ಮಡಚಬೇಕು. ಬಹಳ ಜನ ಇದನ್ನೇ ತಿರುಗುಮುರುಗು ಮಾಡುತ್ತಾರೆ. ಚಮಚದ ಬೆನ್ನಿನಿಂದ ಮಡಿಕೆ ಉಜ್ಜುವಾಗ ಮೇಲೊಂದು ತೆಳು ಕಾಗದ ಇಟ್ಟುಕೊಳ್ಳಿ, ಇಲ್ಲದಿದ್ದರೆ ಬಣ್ಣದ ಮೈ ಅಲ್ಲಷ್ಟೇ ಹೊಳಪಾಗಿ ಪಟ್ಟೆ ಬೀಳುತ್ತದೆ.

ಹಾಳೆಹುಳು:
ಮರದ ವಿಷಯಕ್ಕೆ: ಕತ್ತರಿಸಿ ಅಂಟಿಸಬೇಡಿ, ಅಂಟಿಸಿ ಕತ್ತರಿಸಿ.

18 × 9 ಸೆಂ.ಮೀ. ಅಳತೆಯ ಮಾಮೂಲಿ 80 ಜಿಎಸ್‌ಎಂ ಹಾಳೆ ತೆಗೆದುಕೊಳ್ಳಿ, ಒಂದು ಬದಿ ಬರೆದದ್ದಾದರೂ ನಡೆಯುತ್ತದೆ. ಚೂರುಗಳನ್ನು 1ರಿಂದ 1.5 ಸೆಂ.ಮೀ. ಅಗಲದ ಪಟ್ಟಿ ಮಾಡಿ, ಕೆಳಗಿನಿಂದ ಮೇಲಕ್ಕೆ, ಮೇಲಿನ ಪಟ್ಟಿ ಕೆಳಗಿನದರ ಮೇಲೆ 2–3 ಮಿ.ಮೀ. ಹತ್ತುವಂತೆ ಹಾಳೆ ಪೂರ್ತಿ ಮುಚ್ಚಿ. ಪಟ್ಟಿ 18 ಸೆಂ.ಮೀ. ಉದ್ದ ಇರಲೇಬೇಕೆಂದಿಲ್ಲ, ಒಂದೇ ಸಾಲಿನಲ್ಲಿ ಮೂರು ತುಂಡು ಬಂದರೂ ಚೆಂದವೇ. ಒಣಗಿದ ಮೇಲೆ ಹಿಂಬದಿಯಲ್ಲಿ 7 ಸೆಂ.ಮೀ. ಬುಡ, 9 ಸೆಂ.ಮೀ. ಎತ್ತರದ ತ್ರಿಕೋನ ಬರೆಯಿರಿ, ಒಂದು ನೆಟ್ಟಗೆ, ಅದರ ಪಕ್ಕದ್ದು ತಲೆಕೆಳಗೆ. ಹೀಗೆ 17.5 ಸೆಂ.ಮೀ.ಯಲ್ಲಿ ನಾಲ್ಕು ಮರ ಹಿಡಿಯುತ್ತವೆ. ಎಂಟು ಹಾಳೆಗೆ 32 ಮರ. ತುದಿಗಳಲ್ಲಿ ಉಳಿಯುವ ಅರ್ಧ ತ್ರಿಕೋನಗಳೆರಡೂ ಒಂದೇ ಮುಖದವು, ಸೇರಿಸಿದರೆ ಮರವಾಗುವುದಿಲ್ಲ. ಗಿಫ್ಟಿನ ಚೀಟಿಗೆ ಎತ್ತಿಡಿ. ಕಾಂಡಕ್ಕೆ 1 × 1.5 ಸೆಂ.ಮೀ. ಕಂದು ಚೂರು.

ಪಟ್ಟಿಗೂ ಬಾರದಷ್ಟು ಪುಟ್ಟ ಚೂರುಗಳಿಗೆ ಕಿಟಕಿ ಕಾರ್ಡ್ ಒಳ್ಳೆಯದು. ನಿಜ ಹೇಳಬೇಕೆಂದರೆ ಮರಕ್ಕಿಂತ ಇದೇ ಹೆಚ್ಚು ಅಚ್ಚುಕಟ್ಟು, ಚೂರುಗಳ ಒರಟು ಅಂಚು ಒಂದೂ ಹೊರಗೆ ಕಾಣುವುದಿಲ್ಲ. ಕಾರ್ಡಿನ ಮುಂಭಾಗದಲ್ಲಿ 5–6 ಸೆಂ.ಮೀ. ನಕ್ಷತ್ರ ಅಥವಾ ಗಂಟೆಯನ್ನು ಕಟ್ಟರ್‌ನಿಂದ ತೆಗೆಯಿರಿ. ಪ್ರತಿ ಗೆರೆಯನ್ನೂ ಮೂಲೆಯಿಂದ ಶುರುಮಾಡಿ ನಡುವಿನತ್ತ ಎಳೆಯಿರಿ. ಮೂಲೆಯತ್ತ ಎಳೆದರೆ ಬ್ಲೇಡು ಗೆರೆ ದಾಟಿಬಿಡುತ್ತದೆ. ಕಿಟಕಿಗಿಂತ ಎಲ್ಲ ಕಡೆ 1 ಸೆಂ.ಮೀ. ದೊಡ್ಡದಾದ ಹಾಳೆಗೆ ಚೂರುಗಳನ್ನು ಹೇಗೆ ಬೇಕೋ ಹಾಗೆ ಮೆತ್ತಿ ಹಿಂದಿನಿಂದ ಅಂಟಿಸಿದರೆ ಆಯಿತು.

ಗೋಂದುಡಬ್ಬಿ:
ಸುಕ್ಕು ಬರುವುದು ಗಮ್ಮಿನ ನೀರಿನಿಂದ. ನಾರು ನೀರು ಕುಡಿದು ಅಗಲಕ್ಕೆ ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತ ಅಡಿಯ ಕಾರ್ಡನ್ನೂ ತನ್ನ ಕಡೆಗೆ ಎಳೆಯುತ್ತದೆ. ಮೇಲಿನ ಪಟ್ಟಿ ಕೆಲಸಕ್ಕೆಲ್ಲ ಗ್ಲೂ ಸ್ಟಿಕ್ ಬಳಸಿ, ಅದರಲ್ಲಿ ನೀರು ಕಡಿಮೆ. ನಡುವಿನಿಂದ ಹೊರಕ್ಕೆ ಹಚ್ಚುತ್ತ ಅಂಚು ದಾಟಿಸಿ ಬಿಡಿ, ಅಡಿಗೆ ರದ್ದಿ ಹಾಳೆ ಇರಲಿ. ನಾಲ್ಕು ದಿನ ಬಿಟ್ಟು ಅಂಚು ಏಳುವುದು ಅಲ್ಲಿಗೆ ಗ್ಲೂ ಮುಟ್ಟದಿದ್ದರಿಂದಲೇ.

ಬಿಳಿ ಗಮ್ ಬೇಡವೇ ಬೇಡ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಕಾಂಡ, ಮರದ ತುದಿಯ ನಕ್ಷತ್ರದಂಥ ಸಣ್ಣ ತುಂಡಿಗೆ ಅದೇ ಗಟ್ಟಿ. ತಟ್ಟೆಯಲ್ಲಿ ಒಂದು ಹನಿ ಹಾಕಿಕೊಂಡು ಹಲ್ಲುಕಡ್ಡಿಯ ತುದಿಯಿಂದ ಮುಟ್ಟಿಸಿ, ಬಾಟಲಿಯಿಂದ ನೇರವಾಗಿ ಹಿಂಡಬೇಡಿ. ಅಂಟಿಸಿದ್ದನ್ನು ಮೇಲೂ ಕೆಳಗೂ ಬಟರ್ ಪೇಪರ್ ಇಟ್ಟು, ದಪ್ಪ ಪುಸ್ತಕಗಳ ಅಡಿಯಲ್ಲಿ ರಾತ್ರಿಯಿಡೀ ಬಿಡಿ.

ಕಾರ್ಡಿನ ಮುಂಭಾಗ ಆಗಲೇ ಬಾಗಿದ್ದರೆ ಅದರ ಒಳಮೈಗೆ 95 × 138 ಮಿ.ಮೀ. ಬಿಳಿ ಹಾಳೆಯನ್ನು ಅದೇ ಅಂಟಿನಿಂದ ಅಂಟಿಸಿ ಭಾರ ಹೇರಿ. ಎರಡೂ ಕಡೆಯ ಎಳೆತ ಸರಿದೂಗಿ ಕಾರ್ಡ್ ನೆಟ್ಟಗಾಗುತ್ತದೆ. ಕಿಟಕಿಯ ಹಿಂಬದಿ ಮುಚ್ಚಲೂ ಅದೇ ಹಾಳೆ ಸಾಕು.

ಟಿಶ್ಯೂ ಕಾಗದ ಎಚ್ಚರ. ಕೆಂಪು, ಹಸಿರು ಟಿಶ್ಯೂ ಒದ್ದೆ ಗಮ್ ತಾಗಿದರೆ ಬಣ್ಣ ಬಿಟ್ಟು ಪಕ್ಕದ ಬಿಳಿಗೆ ಹರಿಯುವುದುಂಟು. ಮೊದಲು ಒಂದು ಚೂರನ್ನು ಒದ್ದೆ ಬೆರಳಿನಿಂದ ಉಜ್ಜಿ ನೋಡಿ. ನ್ಯೂಸ್‌ಪೇಪರ್ ಚೂರು ಸೇರಿಸುವ ಆಸೆ ಇದ್ದರೆ, ಅದರಲ್ಲಿ ಮರದಿಂದಲೇ ಬರುವ ಲಿಗ್ನಿನ್ ಎಂಬ ಅಂಶ ಹೆಚ್ಚು, ಬೆಳಕಿಗೆ ಬೇಗ ಹಳದಿಯಾಗುತ್ತದೆ ಎಂಬುದು ನೆನಪಿರಲಿ.

ಚೂರುಪಾರು:
ಎಲ್ಲರಿಗೂ ಧನ್ಯವಾದ, 148 × 210ರ ಲೆಕ್ಕ ಹೊಳೆದೇ ಇರಲಿಲ್ಲ. ಇನ್ನೆರಡು ಸಂಶಯ. ಫಾಯಿಲ್ ಗ್ಲೂ ಸ್ಟಿಕ್ಕಿಗೆ ನಿಲ್ಲುವುದಿಲ್ಲ. ಲಕೋಟೆಯನ್ನೂ ಮನೆಯಲ್ಲೇ ಮಾಡಬಹುದೇ?

ಗೋಂದುಡಬ್ಬಿ:
ಫಾಯಿಲ್ ಹರಿದು ನೋಡಿ. ಹರಿದ ಅಂಚಿನಲ್ಲಿ ಬಿಳಿ ನಾರು ಕಂಡರೆ ಅಡಿಯಲ್ಲಿ ಕಾಗದ ಇದೆ, ಆ ಮೈಗೆ ಗ್ಲೂ ಹಿಡಿಯುತ್ತದೆ. ಹರಿಯದೆ ಹಿಗ್ಗಿದರೆ ಅದು ಪ್ಲಾಸ್ಟಿಕ್ ಹಾಳೆ, ನೀರಿನ ಅಂಟು ಯಾವುದನ್ನೂ ಹೀರದು. ಡಬಲ್ ಸೈಡ್ ಟೇಪನ್ನು ಫಾಯಿಲಿನ ಹಿಂಬದಿಗೆ ಮೊದಲೇ ಹಚ್ಚಿ, ಆಮೇಲೆ ಎರಡನ್ನೂ ಒಟ್ಟಿಗೆ ಆಕಾರಕ್ಕೆ ಕತ್ತರಿಸಿ.

ಮಡಿಕೆಗೆರೆ:
ಆಗುತ್ತದೆ. ಎ4ನಿಂದ 21 ಸೆಂ.ಮೀ. ಚೌಕ ತೆಗೆದು ವಜ್ರದಾಕಾರಕ್ಕೆ ತಿರುಗಿಸಿಡಿ, ನಡುವೆ ಕಾರ್ಡನ್ನು ಅಡ್ಡಲಾಗಿ ಇಡಿ. ಕಾರ್ಡಿನ ಸುತ್ತ 2 ಮಿ.ಮೀ. ಜಾಗ ಬಿಟ್ಟು ಮೊದಲು ಎಡಬಲದ ಕಿವಿ ಮಡಚಿ, ಅವು ನಡುವಿನಲ್ಲಿ ಹೆಚ್ಚುಕಡಿಮೆ ಮುಟ್ಟುತ್ತವೆ. ಕೆಳಗಿನದನ್ನು ಅವುಗಳ ಮೇಲೆ ತಂದು ಅಂಟಿಸಿ. ಅಂಟು ಅಂಚಿಗಷ್ಟೇ ಇರಲಿ, ಒಳಕ್ಕೆ ಇಳಿದರೆ ಕಾರ್ಡೂ ಅಂಟಿಕೊಳ್ಳುತ್ತದೆ. ಮರವನ್ನು ಫೋಮ್ ಟೇಪಿನ ಮೇಲೆ ಎತ್ತಿ ಕೂರಿಸುವುದಾದರೆ 2 ಮಿ.ಮೀ. ಬದಲು 4 ಬಿಡಿ.