ಸ್ಕೀ ರಜೆಯಲ್ಲಿ ಒಂದು ದಿನ ಸ್ನೋಮೊಬೈಲ್: ಲೆವಿಗೆ ಹೋಗಿ ಬಂದವರ ಅನುಭವ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಫಿನ್‌ಲ್ಯಾಂಡಿನ ಎಸ್ಪೋದಲ್ಲಿ ಇರುವವರು. ಫೆಬ್ರವರಿಯಲ್ಲಿ ಮಕ್ಕಳಿಗೆ ಸ್ಕೂಲಲ್ಲಿ ಸ್ಕೀ ರಜೆ ಕೊಡುತ್ತಾರಲ್ಲ, ಆಗ ಐದು ದಿನ ದೇಶದ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡಿನ ಸ್ಕೀ ಊರು ಲೆವಿಗೆ ಹೊರಟಿದ್ದೇವೆ. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು, ಜೊತೆಗೆ ಶಿವಮೊಗ್ಗದಿಂದ ಬಂದಿರುವ ಅಪ್ಪ. ಅಪ್ಪನಿಗೆ 66, ಸೊಂಟ ನೋವಿದೆ. ಒಂದು ದಿನ ಸ್ಕೀ ಬಿಟ್ಟು ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಬೈಕಿನಂಥ ಗಾಡಿ, ಓಡಿಸಬೇಕು ಅಂತ ಹೆಂಡತಿಗೆ ಆಸೆ. ಊರಲ್ಲಿ ಹತ್ತು ವರ್ಷ ಸ್ಕೂಟಿ ಓಡಿಸಿದವಳು, ಅದಕ್ಕೇ ಧೈರ್ಯ. ಕೊಟ್ಟ ದುಡ್ಡಿಗೆ ಸಾರ್ಥಕ ಆಗುತ್ತದಾ? ಎಷ್ಟು ಗಂಟೆಯದ್ದು, ಯಾವ ದಿನ ತೆಗೆದುಕೊಳ್ಳಬೇಕು? ಮಗಳಿಗೆ, ಅಪ್ಪನಿಗೆ ಏನು ವ್ಯವಸ್ಥೆ? ಹೋಗಿ ಬಂದವರು ದಯವಿಟ್ಟು ಹೇಳಿ.

ಔಲುವಿನಿಂದ

ಖಂಡಿತ ಹೋಗಿ. ಆದರೆ ಆ ಸ್ಕೂಟಿ ವಿಷಯ ಬಂತಲ್ಲ, ಅದನ್ನೇ ಮೊದಲು ಹೇಳುತ್ತೇನೆ. ನಮ್ಮವರಿಗೆ ಪೆಟ್ಟಾಗುವುದು ಅಲ್ಲೇ.

ಸ್ಕೂಟರ್ ವಾಲಿದರೆ ನಾವು ಏನು ಮಾಡುತ್ತೇವೆ? ಕಾಲು ಕೆಳಗಿಡುತ್ತೇವೆ. ಯೋಚನೆ ಮಾಡಿ ಇಡುವುದಲ್ಲ, ತಾನಾಗೇ ಹೋಗುತ್ತದೆ. ಸ್ನೋಮೊಬೈಲಿನಲ್ಲಿ ಅದನ್ನು ಮಾಡಲೇಬಾರದು. ನನ್ನ ಮೊದಲ ಸಲ, ಒಂದು ತಿರುವಿನಲ್ಲಿ ಗಾಡಿ ಎಡಕ್ಕೆ ವಾಲಿತು. ನಾನು ಎಡಗಾಲು ಚಾಚಿದೆ. ಕಾಲು ಮೊಣಕಾಲುದ್ದ ಹಿಮದಲ್ಲಿ ಹೂತುಹೋಯಿತು, ಗಾಡಿ ಮಾತ್ರ ಮುಂದೆ ಹೋಯಿತು. ಮಂಡಿ ತಿರುಚಿ ಎರಡು ವಾರ ಕುಂಟಿದೆ. ಇನ್ನೂರು ಕಿಲೋಗಿಂತ ಭಾರ ಇರುವ ಯಂತ್ರ ಅದು. ಕಾಲು ಕೊಟ್ಟು ನಿಲ್ಲಿಸುವಂಥದ್ದಲ್ಲ. ಎರಡೂ ಪಾದ ಕಾಲುಹಲಗೆಯ ಮೇಲೇ ಇರಬೇಕು. ವಾಲಿದರೆ ಮೈಯನ್ನು ಎದುರು ಬದಿಗೆ ಒರಗಿಸಬೇಕು. ಉರುಳೇ ಬಿಟ್ಟಿತು ಅಂದರೆ ಹಿಡಿಯಲು ಹೋಗದೆ ದೂರ ಸರಿಯಬೇಕು.

ಎರಡನೆಯದು ಆಕ್ಸಿಲರೇಟರ್. ಇಲ್ಲಿ ಅದು ಹಿಡಿ ತಿರುಗಿಸುವುದಲ್ಲ. ಬಲಗೈ ಹೆಬ್ಬೆರಳಿನಿಂದ ಒತ್ತುವ ಸಣ್ಣ ಲಿವರ್. ಬ್ರೇಕ್ ಎಡಗೈಯಲ್ಲಿ. ಹೆದರಿದಾಗ ಮುಷ್ಟಿ ಬಿಗಿಯಾಗುತ್ತದೆ, ಅಲ್ವಾ? ಮುಷ್ಟಿ ಬಿಗಿಯಾದರೆ ಹೆಬ್ಬೆರಳೂ ಒತ್ತುತ್ತದೆ, ಗಾಡಿ ನೇರ ಮರಕ್ಕೆ ಹೋಗುತ್ತದೆ. ಹೊರಡುವ ಮುಂಚೆ ನಿಂತಲ್ಲೇ ಹತ್ತು ಸಲ ಹೆಬ್ಬೆರಳು ಬಿಟ್ಟು ಅಭ್ಯಾಸ ಮಾಡಲಿ. ಗಾಡಿಯಿಂದ ಕೈಗೋ ಜಾಕೆಟ್ಟಿಗೋ ಒಂದು ಸುರುಳಿ ದಾರ ಸಿಕ್ಕಿಸುತ್ತಾರೆ. ನೀವು ಬಿದ್ದರೆ ಅದು ಕಿತ್ತು ಎಂಜಿನ್ ನಿಲ್ಲುತ್ತದೆ. ಸಿಕ್ಕಿಸಿದೆಯಾ ಅಂತ ನೀವೇ ನೋಡಿಕೊಳ್ಳಿ.

ದಿನದ ಬಗ್ಗೆ. ಮೊದಲ ದಿನವೂ ಬೇಡ, ಕೊನೆಯ ದಿನವೂ ಬೇಡ. ಎರಡು ದಿನ ಸ್ಕೀ ಮಾಡಿದ ಮೇಲೆ ತೊಡೆ ಹಿಡಿದುಕೊಂಡಿರುತ್ತದೆ. ಆಗ ಮೂರನೇ ದಿನ ಇದನ್ನು ಇಟ್ಟುಕೊಂಡರೆ ಕಾಲಿಗೆ ಬಿಡುವು. ಕೆಲಸ ಬೀಳುವುದು ತೋಳು, ಭುಜ, ಹೆಬ್ಬೆರಳಿಗೆ. ಇನ್ನೊಂದು ಕಾರಣವೂ ಇದೆ. ಚಳಿ ಮೈನಸ್ 30ರ ಹತ್ತಿರ ಹೋದರೆ ಸಫಾರಿ (ಗೈಡ್ ಜೊತೆ ಹೋಗುವ ಈ ಸವಾರಿಗೆ ಹಾಗೆ ಅನ್ನುತ್ತಾರೆ) ರದ್ದು ಮಾಡುವುದುಂಟು. ಮೂರನೇ ದಿನ ತಪ್ಪಿದರೆ ನಾಲ್ಕನೇ ದಿನ ಕೈಯಲ್ಲಿ ಇರುತ್ತದೆ.

ಎರಡು ಗಂಟೆಯದ್ದು ಸಾಕು. ತಲೆಗೆ ನೂರು ಯೂರೋ ದಾಟುತ್ತದೆ. ಸಾಮಾನ್ಯವಾಗಿ ಇಬ್ಬರಿಗೆ ಒಂದು ಗಾಡಿ, ಅರ್ಧ ದಾರಿಯಲ್ಲಿ ಅದಲುಬದಲು. ಒಬ್ಬರೇ ಓಡಿಸಬೇಕಾದರೆ ಜಾಸ್ತಿ ಕೊಡಬೇಕು. ನಿಮ್ಮ ಮನೆಯವರಿಗೆ ಆಸೆ ಇದೆ ಅಂದಿರಿ, ಅವರಿಗೆ ಒಂದು ಗಾಡಿ ಬೇರೆಯೇ ಕೊಡಿಸಿ. ಹಿಂದೆ ಒಬ್ಬರು ಕೂತರೆ ಹೊಸಬರಿಗೆ ತಿರುವಿನಲ್ಲಿ ಗಾಡಿ ಮಾತು ಕೇಳುವುದಿಲ್ಲ.

ಆಕಾಶದಲ್ಲಿ ಕಾಣುವ ಧ್ರುವ ಬೆಳಕು (ಅರೋರಾ) ನೋಡಲು ರಾತ್ರಿ ಸಫಾರಿ ಅಂತ ಮಾರುತ್ತಾರೆ. ಮೊದಲ ಸಲಕ್ಕೆ ಅದು ಬೇಡ. ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣುವುದಿಲ್ಲ. ಫೆಬ್ರವರಿ ಮೂರನೇ ವಾರಕ್ಕೆ ಅಲ್ಲಿ ಎಂಟೂವರೆ ಗಂಟೆಯಷ್ಟು ಬೆಳಕು ಇರುತ್ತದೆ. ಮಧ್ಯಾಹ್ನ ಮುಂಚೆ ಹೋಗಿ. ಹಿಮ ಹೊತ್ತು ಬಾಗಿದ ಮರಗಳ ಮೇಲೆ ಆ ಹೊತ್ತಿನ ಬಿಸಿಲು ಬೀಳುವುದನ್ನು ನೀವು ನೋಡಬೇಕು.

ಇನ್ನು ಹಾನಿಯ ದುಡ್ಡು. ಗಾಡಿಗೆ ಏನಾದರೂ ಆದರೆ ಓಡಿಸಿದವರು ಒಂದು ಮಿತಿಯವರೆಗೆ ತಾವೇ ಕಟ್ಟಬೇಕು. ಅದು ಸಾವಿರ ಯೂರೋ ಆಸುಪಾಸು ಇರುವುದುಂಟು. ಸ್ವಲ್ಪ ಹೆಚ್ಚು ಕೊಟ್ಟರೆ ಆ ಮಿತಿ ಇಳಿಸುತ್ತಾರೆ. ಇಳಿಸಿಕೊಳ್ಳಿ, ಯೋಚನೆ ಮಾಡಬೇಡಿ. ನನ್ನ ಗೆಳೆಯ ಗಾಡಿಯ ಮುಂಭಾಗದ ಜಾರುಪಟ್ಟಿ ಒಂದನ್ನು ಕಲ್ಲಿಗೆ ತಾಗಿಸಿ ರಜೆಯ ಅರ್ಧ ಖರ್ಚನ್ನು ಅಲ್ಲೇ ಕಟ್ಟಿ ಬಂದ. ನಿಮ್ಮ ಪ್ರಯಾಣ ವಿಮೆಯಲ್ಲಿ ಸ್ಕೀಯಿಂಗ್ ಸೇರಿದೆ ಅಂದ ಮಾತ್ರಕ್ಕೆ ಸ್ನೋಮೊಬೈಲ್ ಸೇರಿದೆ ಅಂತಲ್ಲ, ಆ ಪದ ಇದೆಯಾ ಹುಡುಕಿ ನೋಡಿ. ಡ್ರೈವಿಂಗ್ ಲೈಸೆನ್ಸಿನ ಕಾರ್ಡನ್ನೇ ಒಯ್ಯಿರಿ. ಮನೆಯವರದ್ದು ಭಾರತದ ಲೈಸೆನ್ಸ್ ಆದರೆ ಬುಕ್ ಮಾಡುವ ಮೊದಲೇ ಮೇಲ್ ಹಾಕಿ ಕೇಳಿ.

ಎಸ್ಪೋದಿಂದ, ಇಬ್ಬರು ಮಕ್ಕಳ ಅಮ್ಮ

ಮಗಳ ಎತ್ತರ ಅಳೆಯಿರಿ. ಇಲ್ಲಿ ವಯಸ್ಸಿಗಿಂತ ಎತ್ತರ ಮುಖ್ಯ. ನಾವು ಹೋದ ಕಡೆಯೆಲ್ಲ 140 ಸೆಂ.ಮೀ. ಲೆಕ್ಕ. ಅದಕ್ಕಿಂತ ಕಡಿಮೆ ಇದ್ದರೆ ಅಪ್ಪ ಅಮ್ಮನ ಹಿಂದೆ ಕೂರುವಂತಿಲ್ಲ, ಗೈಡ್ ಎಳೆಯುವ ಜಾರುಬಂಡಿಯಲ್ಲಿ ಕೂರಬೇಕು. ಅದರಲ್ಲಿ ಕಂಬಳಿ, ತುಪ್ಪಳ ಎಲ್ಲ ಇರುತ್ತದೆ. ಆದರೂ ಮಗು ಅಲ್ಲಾಡದೆ ಕೂತಿರುತ್ತದಲ್ಲ, ಓಡಿಸುವ ನಮಗಿಂತ ಜಾಸ್ತಿ ಚಳಿ ಅದಕ್ಕೇ. ಹಿಡಿಯಲ್ಲಿ ನಮಗೆ ಹೀಟರ್ ಇದೆ, ಬಂಡಿಯಲ್ಲಿ ಇಲ್ಲ. ಹೊಗೆಯ ವಾಸನೆಯೂ ಹಿಂದಕ್ಕೇ ಬರುತ್ತದೆ. ನನ್ನ ದೊಡ್ಡವನು ಖುಷಿಯಾಗಿದ್ದ. ಚಿಕ್ಕವಳು ಇಪ್ಪತ್ತೇ ನಿಮಿಷಕ್ಕೆ ಅತ್ತಳು. ಜೊತೆಗೆ ಒಬ್ಬ ದೊಡ್ಡವರು ಬಂಡಿಯಲ್ಲಿ ಕೂರುವ ಹಾಗೆ ನೋಡಿಕೊಳ್ಳಿ.

ಚಳಿ ಎಷ್ಟು ಅಂತ ಅಂದಾಜಿಗೆ ಹೇಳುತ್ತೇನೆ. ಮೈನಸ್ 20ರಲ್ಲಿ 40 ಕಿ.ಮೀ. ವೇಗದಲ್ಲಿ ಹೋದರೆ ತೆರೆದ ಮುಖಕ್ಕೆ ಅದು ಮೈನಸ್ 34ರ ಹಾಗೆ ಹೊಡೆಯುತ್ತದೆ. ಮೇಲಿನ ಉಡುಪು, ಬೂಟು, ಹೆಲ್ಮೆಟ್ ಅವರೇ ಕೊಡುತ್ತಾರೆ. ಒಳಗಿನದ್ದು ನಿಮ್ಮ ಜವಾಬ್ದಾರಿ. ಮೈಗೆ ತಾಗುವುದು ಉಣ್ಣೆಯದ್ದೇ ಇರಲಿ, ಹತ್ತಿ ಬನಿಯನ್ ಬೇಡ. ಬೆವರು ಹೀರಿ ಒದ್ದೆಯಾಗಿ ಅದೇ ಚಳಿ ಹಿಡಿಸುತ್ತದೆ. ಎರಡು ಜೊತೆ ದಪ್ಪ ಸಾಕ್ಸ್ ಹಾಕಿ ಬೂಟಿಗೆ ತುರುಕಬೇಡಿ. ಬೆರಳಾಡಲು ಜಾಗ ಇಲ್ಲದಿದ್ದರೆ ಪಾದ ಮರಗಟ್ಟುತ್ತದೆ. ಊರಿನ ದಪ್ಪ ಮಂಕಿ ಕ್ಯಾಪ್ ಹೆಲ್ಮೆಟ್ ಒಳಗೆ ಹೋಗುವುದಿಲ್ಲ, ತೆಳುವಾದದ್ದು ತೆಗೆದುಕೊಳ್ಳಿ.

ಹೆಂಗಸರಿಗೆ ಒಂದು ಮಾತು. ಓಲೆ, ಮೂಗುತಿ, ಬಳೆ ರೂಮಿನಲ್ಲೇ ಬಿಚ್ಚಿಡಿ. ಲೋಹ ಆ ಚಳಿಯಲ್ಲಿ ಚರ್ಮ ಸುಡುತ್ತದೆ. ನನ್ನ ಕಿವಿಯಲ್ಲಿ ಓಲೆಯ ಸುತ್ತ ಬೆಳ್ಳಗೆ ಆಗಿದ್ದನ್ನು ಗೈಡ್ ನೋಡಿ ಅಲ್ಲೇ ನಿಲ್ಲಿಸಿ ಬಿಚ್ಚಿಸಿದರು.

ಅಪ್ಪನನ್ನು ಮಾತ್ರ ದಯವಿಟ್ಟು ಹತ್ತಿಸಬೇಡಿ. ದಾರಿ ನುಣ್ಣಗೆ ಇರುವುದಿಲ್ಲ, ಅಲೆ ಅಲೆಯಾಗಿ ಉಬ್ಬು ತಗ್ಗು. ಪ್ರತಿ ಉಬ್ಬೂ ಸೊಂಟಕ್ಕೇ. ಬಂಡಿಯಲ್ಲಿ ಕೂತರೆ ಇನ್ನೂ ಕಷ್ಟ. ಅವರಿಗೆ ಹಿಮಸಾರಂಗದ ಬಂಡಿ ಇದೆ, ನಡಿಗೆಯ ವೇಗದಲ್ಲಿ ಹೋಗುತ್ತದೆ. ಗೊಂಡೊಲಾದಲ್ಲಿ (ತಂತಿಯ ಮೇಲೆ ಹೋಗುವ ಮುಚ್ಚಿದ ಡಬ್ಬಿ) ಬೆಟ್ಟದ ಮೇಲೂ ಕರೆದೊಯ್ಯಬಹುದು.

ಗ್ರೆನೋಬ್ಲ್‌ನಿಂದ

ನಾನು ಆಲ್ಪ್ಸ್ ಕಡೆಯವನು. ಇಲ್ಲಿ ಇದು ಅಷ್ಟು ಸುಲಭ ಅಲ್ಲ ಅಂತ ಹೇಳಲು ಬಂದೆ. 1991ರ ಕಾನೂನಿನ ಪ್ರಕಾರ ಫ್ರಾನ್ಸಿನಲ್ಲಿ ಮೋಜಿಗಾಗಿ ಬಯಲಲ್ಲಿ ಸ್ನೋಮೊಬೈಲ್ ಓಡಿಸುವಂತಿಲ್ಲ. ಕೆಲವು ಕಡೆ ಸಂಜೆ ಸ್ಕೀ ಮಾಡುವವರನ್ನು ಬೆಟ್ಟ ಹತ್ತಿಸುವ ಲಿಫ್ಟ್ ಮುಚ್ಚಿದ ಮೇಲೆ ಸ್ಕೀ ದಾರಿಯಲ್ಲೇ ಗೈಡ್ ಹಿಂದೆ ಸಾಲಾಗಿ ಕರೆದೊಯ್ಯುತ್ತಾರೆ. ನಾವು ಹಾಗೆ ಒಂದು ಗಂಟೆ ಹೋದೆವು. ಚೆನ್ನಾಗಿತ್ತು, ಆದರೆ ಬೆಳಿಗ್ಗೆ ಸ್ಕೀ ಮಾಡಿದ ದಾರಿಯನ್ನೇ ಕತ್ತಲಲ್ಲಿ ಮತ್ತೆ ಹತ್ತಿದ ಹಾಗೆ. ಲ್ಯಾಪ್‌ಲ್ಯಾಂಡಿನಲ್ಲಿ ಕಾಡು, ಹೆಪ್ಪುಗಟ್ಟಿದ ಕೆರೆ ದಾಟಿ ಹೋಗಬಹುದು. ಅಲ್ಲಿದ್ದಾಗಲೇ ಮಾಡಿ.

ರೊವಾನಿಯೆಮಿಯಿಂದ

ಇಲ್ಲೂ ಎಲ್ಲೆಂದರಲ್ಲಿ ಓಡಿಸುವ ಹಾಗಿಲ್ಲ. ಫಿನ್‌ಲ್ಯಾಂಡಿನ ಕಾಡಿನಲ್ಲಿ ನಡೆಯಲು, ಹಣ್ಣು ಕೀಳಲು ಎಲ್ಲರಿಗೂ ಹಕ್ಕಿದೆ. ಎಂಜಿನ್ ಗಾಡಿಗೆ ಅದು ಅನ್ವಯಿಸುವುದಿಲ್ಲ. ಗುರುತು ಹಾಕಿದ ದಾರಿ ಬಿಟ್ಟರೆ ಜಾಗದ ಮಾಲೀಕರ ಒಪ್ಪಿಗೆ ಬೇಕು. ಅದಕ್ಕೇ ಮೊದಲ ಸಲ ಗಾಡಿ ಬಾಡಿಗೆಗೆ ತೆಗೆದುಕೊಂಡು ನೀವೇ ಹೋಗುವ ಯೋಚನೆ ಬೇಡ, ಗೈಡ್ ಜೊತೆ ಹೋಗಿ. ಕೆರೆಯ ಮೇಲಂತೂ ಅವರ ಜಾಡು ಬಿಟ್ಟು ಒಂದು ಅಡಿ ಆಚೆ ಹೋಗಬೇಡಿ. ಮೇಲೆ ಹಿಮ ಒಣಗಿದ ಹಾಗೆ ಕಾಣುತ್ತದೆ. ಅದರ ಕೆಳಗೆ, ಗಟ್ಟಿ ಮಂಜುಗಡ್ಡೆಯ ಮೇಲೆ, ನೀರು ನಿಂತು ಕೆಸರಿನ ಹಾಗೆ ಆಗಿರುತ್ತದೆ. ಗಾಡಿ ಅದರಲ್ಲಿ ಹೂತರೆ ಎತ್ತುವುದು ತುಂಬಾ ಕಷ್ಟ.

ಹಿಮಸಾರಂಗ ದಾರಿಗೆ ಬಂದರೆ ನಿಂತುಬಿಡಿ, ಅಟ್ಟಬೇಡಿ. ಚಳಿಗಾಲದ ಕೊನೆಗೆ ಅವಕ್ಕೆ ಮೇವು ಸಿಗುವುದೇ ಕಷ್ಟ. ಸುಮ್ನೆ ಓಡಿಸಿದರೆ ಇದ್ದ ಶಕ್ತಿಯೂ ಹೋಗುತ್ತದೆ. ಅವೆಲ್ಲ ಯಾರೋ ಒಬ್ಬರ ಹಿಂಡಿನವು. 1960ರ ದಶಕದಿಂದ ಆ ಹಿಂಡು ಕಾಯುವವರ ಬದುಕೇ ಈ ಗಾಡಿಯ ಮೇಲೆ ನಡೆಯುತ್ತಿದೆ. ನಮಗೆ ಎರಡು ಗಂಟೆಯ ಖುಷಿ, ಅವರಿಗೆ ಅದು ದನ ಕಾಯುವ ಕೋಲು ಇದ್ದ ಹಾಗೆ.

ಕೇಳಿದವರು, ವಾಪಸ್ ಬಂದ ಮೇಲೆ

ಎಲ್ಲರಿಗೂ ತುಂಬಾ ಧನ್ಯವಾದ. ಬುಧವಾರ ಬೆಳಿಗ್ಗೆ ಹತ್ತಕ್ಕೆ ಹೋದೆವು. ಮೈನಸ್ 17 ಇತ್ತು. ಹೆಂಡತಿ ಒಬ್ಬಳೇ ಒಂದು ಗಾಡಿ ತೆಗೆದುಕೊಂಡಳು. ಎರಡನೇ ತಿರುವಿನಲ್ಲಿ ಕಾಲು ಹೊರಗೆ ಹೋಗಿಯೇಬಿಟ್ಟಿತ್ತಂತೆ, ನೀವು ಹೇಳಿದ್ದು ನೆನಪಾಗಿ ತಕ್ಷಣ ಎಳೆದುಕೊಂಡಳು. ಔಲುವಿನ ಅಣ್ಣನಿಗೆ ಅವಳದ್ದೇ ವಿಶೇಷ ಥ್ಯಾಂಕ್ಸ್. ಕೆರೆಯ ಮೇಲೆ ನೇರ ದಾರಿ ಸಿಕ್ಕಾಗ ಹೆಲ್ಮೆಟ್ ಒಳಗೇ ಕೂಗಿದಳಂತೆ, ನಮಗೆ ಯಾರಿಗೂ ಕೇಳಿಸಲಿಲ್ಲ.

ಮಗಳು 136 ಸೆಂ.ಮೀ. ಇದ್ದಾಳೆ. ಹಾಗಾಗಿ ನಾನು ಅವಳ ಜೊತೆ ಬಂಡಿಯಲ್ಲಿ ಕೂತೆ. ಉಬ್ಬಿನ ವಿಷಯ ನಿಜ, ಅಪ್ಪನನ್ನು ಕರೆದುಕೊಂಡು ಹೋಗದೆ ಇದ್ದದ್ದು ಒಳ್ಳೆಯದಾಯಿತು. ಮಧ್ಯದಲ್ಲಿ ಬೆಂಕಿ ಹಾಕಿ ಬಿಸಿ ಹಣ್ಣಿನ ರಸ ಕೊಟ್ಟರು. ಫೋನ್ ಹೊರಗಿನ ಜೇಬಲ್ಲಿ ಇಟ್ಟಿದ್ದೆ, ಬ್ಯಾಟರಿ ಅರ್ಧ ಗಂಟೆಗೇ ಸತ್ತಿತು. ಒಳ ಜೇಬಲ್ಲಿ, ಮೈಗೆ ತಾಗಿಸಿ ಇಡಿ. ಹೆಂಡತಿಯ ಹೆಬ್ಬೆರಳು ಮಾರನೇ ದಿನವೂ ನೋಯುತ್ತಿತ್ತು, ಸ್ಕೀ ಕೋಲು ಹಿಡಿಯಲು ತೊಂದರೆ ಆಯಿತು. ಆ ದಿನ ಅವಳು ಅಪ್ಪನ ಜೊತೆ ಸಾರಂಗದ ಬಂಡಿಗೆ ಹೋದಳು. ಅಪ್ಪ ಈಗ ಊರಿಗೆ ಫೋನ್ ಮಾಡಿದಾಗಲೆಲ್ಲ ಆ ಸಾರಂಗದ ಸುದ್ದಿಯನ್ನೇ ಹೇಳುತ್ತಾರೆ.