ಸಹಾಯ ಬೇಕು: ಊರ ಗರಡಿ ಮನೆ ಯಾರ ಹೆಸರಿಗೆ ದಾಖಲಾಗಬೇಕು?

ನಮಸ್ಕಾರ. ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಊರೊಳಗೆ ಹಳೇ ಗರಡಿ ಮನೆ ಇದೆ. ತಲೆ ಬಗ್ಗಿಸಿ ಹೋಗುವಂಥ ಗಿಡ್ಡ ಬಾಗಿಲು, ಒಳಗೆ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿದ ಗದೆಗಳು, ಆಂಜನೇಯನ ಪಟ. ಈಗಲೂ ಹುಡುಗರು ಸಂಜೆ ಸಾಮು ಮಾಡುತ್ತಾರೆ, ದಸರಾ ಕುಸ್ತಿಗೆ ಇಲ್ಲಿಂದಲೇ ಹೋಗುತ್ತಾರೆ.

ಮಳೆಗೆ ಹಿಂದಿನ ಗೋಡೆ ಕುಸಿದಿದೆ. ರಿಪೇರಿಗೆ ಅನುದಾನ ಕೇಳಿದರೆ ಪಂಚಾಯಿತಿಯಲ್ಲಿ "ಆಸ್ತಿ ರಿಜಿಸ್ಟರ್‌ನಲ್ಲಿ ಗರಡಿಯೇ ಇಲ್ಲ, ಇ-ಸ್ವತ್ತು (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಮಾಡಿಸಿ" ಎನ್ನುತ್ತಾರೆ. ತಾಲ್ಲೂಕು ಕಚೇರಿಯಲ್ಲಿ "ಗ್ರಾಮಠಾಣಾ (ಊರ ವಾಸದ) ಜಾಗ, ಪಂಚಾಯಿತಿಯಲ್ಲೇ ಕೇಳಿ" ಎಂದು ವಾಪಸ್ ಕಳಿಸಿದರು. ಗ್ರಾಮಸಭೆಯಲ್ಲಿ ವಿಷಯ ಎತ್ತಿದೆವು, ನಡಾವಳಿ ಪುಸ್ತಕದಲ್ಲೂ ಬರೆಸಿದೆವು. ಅಲ್ಲಿಗೇ ನಿಂತಿದೆ.

ಗೊತ್ತಾಗದೇ ಇರುವುದು ಇಷ್ಟೇ. ಫಾರಂ 9, ಅಂದರೆ ಇ-ಸ್ವತ್ತಿನಲ್ಲಿ ಪಂಚಾಯಿತಿ ಕೊಡುವ ಆಸ್ತಿ ಪತ್ರ, ಯಾರ ಹೆಸರಿಗೆ ಆಗಬೇಕು? ಗರಡಿ ಯಾರ ಸ್ವಂತದ್ದೂ ಅಲ್ಲ, ಇಡೀ ಊರಿನದು ಅಲ್ವಾ? ಟ್ರಸ್ಟ್ ಮಾಡಿ ಅಂತ ಕೆಲವರು ಹೇಳುತ್ತಾರೆ. ನಾಲ್ಕು ಜನರ ಹೆಸರಿಗೆ ಹೋದರೆ ನಾಳೆ ಜಗಳ ಆಗುತ್ತದೆ ಎಂಬ ಭಯ ಊರ ಯಜಮಾನರಿಗೆ. ನನಗೂ ಅವರ ಮಾತೇ ಸರಿ ಅನಿಸುತ್ತದೆ.

ನಿಮ್ಮೂರಲ್ಲಿ ಗರಡಿಗೋ ಸಮುದಾಯ ಭವನಕ್ಕೋ ಹೀಗೆ ದಾಖಲೆ ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ: ಗ್ರಾಮಸಭೆ ನಿರ್ಣಯದ ಮೇಲೆ ನೇರವಾಗಿ ಪಂಚಾಯಿತಿ ಹೆಸರಿಗೆ ಸಾರ್ವಜನಿಕ ಆಸ್ತಿ ಅಂತ ಏರಿಸಬಹುದಾ, ಇಲ್ಲಾ ಮೊದಲು ಸರ್ವೆ ನಕ್ಷೆ ಬೇಕೇ ಬೇಕಾ?