ಸಿಂಧನೂರಿನ ಬೇಸಿಗೆಯಲ್ಲಿ ಆಯಾ ಕಾಲದ ಊಟ ಸಾಧ್ಯವೇ?

ಪ್ರಶ್ನೆ (ಸಿಂಧನೂರಿನ ಗೃಹಿಣಿ):
ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ ಇರುವುದು ಈಚೆಗೆ ತಿಳಿದುಬಂದಿದೆ. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ನಮ್ಮ ಎರೆಹೊಲಗಳೆಲ್ಲ ಗದ್ದೆಗಳಾದವು. ಸೋನಾಮಸೂರಿ ಬೆಳೆಯುವ ಮನೆಯಲ್ಲಿ ಎರಡು ಹೊತ್ತೂ ಅನ್ನವೇ ಆಗಿಬಿಟ್ಟಿದೆ. ಈಗ ಜೋಳದ ರೊಟ್ಟಿಗೆ ಮರಳಿ, ಸುತ್ತಮುತ್ತ ಬೆಳೆಯುವ ತಪ್ಪಲು (ಸೊಪ್ಪು), ಕಾಯಿಪಲ್ಲೆಗಳನ್ನೇ ಹೆಚ್ಚಾಗಿ ಬಳಸಬೇಕೆಂದು ನಿಶ್ಚಯಿಸಿದ್ದೇವೆ. ಚಳಿಗಾಲದಲ್ಲಿ ಇದೇನೂ ಕಷ್ಟವಾಗಲಿಲ್ಲ. ಆದರೆ ಮಾರ್ಚ್ ಬಂತೆಂದರೆ ಸಂತೆಯಲ್ಲಿ ಮೆಂತ್ಯೆಯ ಸಿವುಡು ಹಿಡಿಯಷ್ಟಾಗಿ, ಮಧ್ಯಾಹ್ನದೊಳಗೆ ಬಾಡಿಯೂ ಹೋಗುತ್ತದೆ. ಇಂಥ ಬಿಸಿಲಿನಲ್ಲಿ ನೀವೆಲ್ಲ ಏನು ಮಾಡುತ್ತೀರಿ?

ಉತ್ತರ 1 (ಕುಷ್ಟಗಿಯ ರೈತ):
ಬೇಸಿಗೆಯ ಪಲ್ಯವನ್ನು ನಮ್ಮ ಹಿರಿಯರು ಚಳಿಗಾಲದಲ್ಲೇ ಸಿದ್ಧಪಡಿಸಿಕೊಳ್ಳುತ್ತಿದ್ದರು. ಹಿಂಗಾರಿ ಕಡಲೆ ಬಿತ್ತಿ ತಿಂಗಳು ಕಳೆದ ಮೇಲೆ ಕುಡಿ ಚಿವುಟುತ್ತೇವೆ; ಅದರಿಂದ ಗಿಡ ಕವಲೊಡೆಯುತ್ತದೆ, ಮನೆಗೆ ತಪ್ಪಲೂ ಸಿಗುತ್ತದೆ. ಎಲೆಯ ಮೇಲಿನ ಹುಳಿ ಬೆರಳ ಸಂದಿಗೆ ತಾಗಿ ಚುರುಗುಟ್ಟುತ್ತದೆ, ಆದ್ದರಿಂದ ನನ್ನ ತಾಯಿ ಈಗಲೂ ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಹೊಲಕ್ಕಿಳಿಯುತ್ತಾರೆ. ತೊಳೆದು ನೆರಳಿನಲ್ಲಿ ಒಣಗಿಸಿ ಡಬ್ಬಿಗೆ ತುಂಬಿಟ್ಟರೆ ಯುಗಾದಿ ಕಳೆದ ಮೇಲೂ ಬರುತ್ತದೆ. ಎಳೆಯ ಚವಳಿಕಾಯಿಯನ್ನೂ ಹೀಗೆಯೇ ಒಣಗಿಸಿಡಬಹುದು. ಇನ್ನು ನುಗ್ಗೆ ಬಿಸಿಲಿಗೆ ಹೆದರುವ ಮರವಲ್ಲ, ಹಿತ್ತಿಲಲ್ಲಿ ಒಂದಿದ್ದರೆ ಸಾಕು. ಹೆಸರು, ಮಡಿಕೆ, ಅಲಸಂದಿಗಳನ್ನು ಮೊಳಕೆ ಕಟ್ಟುವುದಕ್ಕಂತೂ ಯಾವ ಕಾಲವೂ ಅಡ್ಡಿಯಲ್ಲ. ಬೇಸಿಗೆಯಲ್ಲಿ ಒಂದೇ ರಾತ್ರಿಯಲ್ಲಿ ಮೊಳಕೆ ಒಡೆಯುತ್ತದೆ.

ಉತ್ತರ 2 (ರಾಯಚೂರು, ಆಹಾರ ತಜ್ಞೆ):
ರೊಟ್ಟಿಯ ವಿಚಾರದಲ್ಲಿ ಒಂದು ಎಚ್ಚರಿಕೆಯ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದ್ದರೆ ಬಿಳಿ ಅಕ್ಕಿಯಲ್ಲಿ 3 ಗ್ರಾಮಿಗಿಂತಲೂ ಕಡಿಮೆ ಇದೆ. ಆದರೂ ಜೋಳದ ಬಹುಪಾಲು ಪಿಷ್ಟವೇ. ನಮ್ಮ ಕಡೆ ಮೂರು ರೊಟ್ಟಿ ತಿಂದ ಮೇಲೂ ‘ಸ್ವಲ್ಪ ಅನ್ನ’ ಎಂದು ತಟ್ಟೆ ತುಂಬಿಸಿಕೊಳ್ಳುವ ರೂಢಿಯಿದೆಯಲ್ಲ, ಅದು ನಿಲ್ಲದಿದ್ದರೆ ರೊಟ್ಟಿಯಿಂದ ಪ್ರಯೋಜನವಿಲ್ಲ. ರೊಟ್ಟಿಯನ್ನು ಕಡಿಮೆ ಮಾಡಿ, ಬೇಳೆ ಹಾಕಿದ ಪುಂಡಿಪಲ್ಯ, ಮೊಳಕೆ ಕಾಳು, ಗುರೆಳ್ಳು ಚಟ್ನಿಗಳನ್ನು ಹೆಚ್ಚಿಸಿರಿ. ಪುಂಡಿಯಲ್ಲಿ ಆಕ್ಸಲೇಟ್ ಹೆಚ್ಚಾಗಿರುವುದರಿಂದ, ಮೂತ್ರಪಿಂಡದಲ್ಲಿ ಹರಳು ಆಗಿದ್ದವರು ಅದನ್ನು ದಿನವೂ ತಿನ್ನುವುದು ಬೇಡ. ಮಾವನವರು ಮಾತ್ರೆ ನುಂಗುತ್ತಿದ್ದರೆ, ಅನ್ನ ಕಡಿತಗೊಳಿಸುವ ಮೊದಲು ವೈದ್ಯರಿಗೆ ತಿಳಿಸಿರಿ. ಊಟ ತಗ್ಗಿದಾಗ ಕೆಲವು ಮಾತ್ರೆಗಳಿಂದ ಸಕ್ಕರೆ ತೀರಾ ಕೆಳಗಿಳಿಯುವುದುಂಟು.

ಉತ್ತರ 3 (ಬಳ್ಳಾರಿ):
‘ಜವಾರಿ’ ಎಂಬ ಹೆಸರಿಗೇ ಹೆಚ್ಚು ದುಡ್ಡು ಕೊಟ್ಟು ಮೋಸಹೋಗಿದ್ದೇನೆ. ಈಗ ಸಂತೆಯಲ್ಲಿ ಕ್ರೇಟುಗಳ ಸಾಲನ್ನು ದಾಟಿ, ಗೋಣಿಚೀಲದ ಮೇಲೆ ಹತ್ತಿಪ್ಪತ್ತು ಹೀರೇಕಾಯಿ, ಒಂದಿಷ್ಟು ಮುಳಗಾಯಿ ಹರಡಿ ಕುಳಿತ ಅಜ್ಜಿಯರ ಬಳಿಗೇ ಹೋಗುತ್ತೇನೆ. ಹಾಗೆಂದು ದೂರದಿಂದ ಬಂದ ಕೋಸು ವಿಷವೇನಲ್ಲ. ತಪ್ಪಲು ಸಿಗದ ವಾರ ಅದನ್ನೇ ತಿನ್ನಿರಿ. ನಮ್ಮ ನೆಲದ ಅಂಜೂರ, ಸೀತಾಫಲ ಎಂಬ ಅಭಿಮಾನದಿಂದ ಅವುಗಳಲ್ಲಿರುವ ಸಕ್ಕರೆಯೂ ಕಡಿಮೆಯಾಗುವುದಿಲ್ಲ, ಈ ಮಾತನ್ನು ಮಾವನವರಿಗೆ ಮೆಲ್ಲಗೆ ಹೇಳಿರಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ರಾತ್ರಿಯ ಅನ್ನವನ್ನು ಬಿಡಲು ಮಾವನವರು ಒಪ್ಪಿದ್ದಾರೆ, ಮಧ್ಯಾಹ್ನದ್ದಕ್ಕೆ ಇನ್ನೂ ಒಪ್ಪಿಲ್ಲ. ನೆರೆಮನೆಯವರು ಒಣಗಿದ ಕಡಲೆ ತಪ್ಪಲು ಕೊಟ್ಟಿದ್ದಾರೆ. ಅದನ್ನು ನೆನೆಸಬೇಕೇ?

ಕುಷ್ಟಗಿಯ ರೈತ:
ನೆನೆಸುವ ಅಗತ್ಯವಿಲ್ಲ. ತೊಗರಿಬೇಳೆ ಚೆನ್ನಾಗಿ ಬೆಂದ ಮೇಲೆ ತಪ್ಪಲನ್ನು ಕೈಯಲ್ಲಿ ಪುಡಿಮಾಡಿ ಉದುರಿಸಿ, ಮತ್ತೊಮ್ಮೆ ಕುದಿಸಿರಿ. ಮೊದಲೇ ಹಾಕಿದರೆ ಆ ಹುಳಿಗೆ ಬೇಳೆ ಬೇಗ ಬೇಯುವುದಿಲ್ಲ.